ಕುರಿಗಳ ಇಟ್ಟಿಗೆ ತಿಂದ ಕ್ಯಾತಪ್ಪ

ಪಟ್ಟನಾಯಕನಹಳ್ಳಿ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಕ್ಯಾತಪ್ಪನೆಂಬ ಗಂಡಸಿದ್ದಾನೆ. ಗಂಡಸು ಎಂದದ್ದು ಮೀಸೆ ನೋಡಿ. ಮೊಣಕಾಲು ನೋವೆಂದು ಕುರಿಯ ಹಿಂದೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಬಾಯಿಗೆ ಮಾತ್ರ ಯಾವ ನೋವೂ ಬಂದಿಲ್ಲ. ಕೋಳಿಗಿಂತ ಮೊದಲೇ ಎದ್ದು, ಸಾರಿಗೆ ಉಪ್ಪೆಷ್ಟು, ಟಗರಿಗೆ ಸೊಪ್ಪೆಷ್ಟು, ಹೆಂಗಸಾದವಳು ಹೇಗಿರಬೇಕು ಎಂದು ಮಲಗುವ ತನಕ ಒದರುತ್ತಾನೆ. ಕುರಿ ಕಾಯುವುದು, ಮುದ್ದೆ ತಿರುವುವುದು, ಈ ಒದರಾಟ ಕೇಳುವುದು ಎಲ್ಲವೂ ಹೆಂಡತಿ ಗಂಗಾಲಕ್ಷ್ಮಿಯ ಪಾಲು.

ಅವಳಿಗೆ ತಲೆನೋವು ಹತ್ತಿಕೊಂಡಿತು. ಹಣೆಗೆ ಹಗ್ಗ ಬಿಗಿದ ಹಾಗೆ. ಬಿಸಿಲಿಗೆ ಕಣ್ಣು ಬಿಡಲಾಗದೆ ಕೂತರೆ ಕುರಿಗಳು ಯಾರದೋ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದವು. ತವರಿನವರು ಕೊಟ್ಟ ಮಂದೆ ಅದು. ಹೀಗೇ ಆದರೆ ಮಾರಬೇಕಾದೀತೆಂದು ಹೆದರಿ ಶಿರಾಕ್ಕೆ ಹೋಗಿ ತೋರಿಸಿದಳು.

ಡಾಕ್ಟರಮ್ಮ ಕತ್ತು ಒತ್ತಿ ನೋಡಿ, "ಟೆನ್ಷನ್ ತಲೆನೋವಮ್ಮ. ನಿದ್ದೆ ಬೇಕು, ಮನೇಲಿ ನೆಮ್ಮದಿ ಬೇಕು. ಮೆಗ್ನೀಸಿಯಂ ಮಾತ್ರೆ ಕೆಲವರಿಗೆ ಅನುಕೂಲ ಆಗುತ್ತೆ, ಬರ್ಕೊಡ್ತೀನಿ" ಎಂದರು. ಜೊತೆಗಿದ್ದ ಕ್ಯಾತಪ್ಪನ ಕಿವಿಗೆ ನಿದ್ದೆ, ನೆಮ್ಮದಿ ಬೀಳಲಿಲ್ಲ. ಮೆಗ್ನೀಸಿಯಂ ಒಂದೇ ಬಿತ್ತು. ಔಷಧಿ ಅಂಗಡಿಯ ಮುಂದೆ ನಿಲ್ಲದೆ ಹೆಂಡತಿಯನ್ನು ಬಸ್ಸು ಹತ್ತಿಸಿದ.

ಅವರ ಕುರಿರೊಪ್ಪದಲ್ಲಿ ಪಶು ಆಸ್ಪತ್ರೆಯವರು ಕೊಟ್ಟ ಖನಿಜದ ಇಟ್ಟಿಗೆ ನೇತಾಡುತ್ತಿತ್ತು, ಕುರಿಗಳು ನೆಕ್ಕಲೆಂದು. ಅದರ ಮೇಲಿನ ಚೀಟಿಯನ್ನು ಹಟ್ಟಿಯವರೆದುರು ಓದಿ, "ನೋಡ್ರಲಾ, ಇದ್ರಾಗೂ ಮೆಗ್ನೀಸಿಯಂ ಐತೆ. ಮಾತ್ರೆ ಯಾಕೆ?" ಎಂದು ಮಚ್ಚಿನಿಂದ ಕೆರೆದು, ಮಜ್ಜಿಗೆಗೆ ಕದಡಿ ಹೆಂಡತಿಗೆ ಚಾಚಿದ.

"ಕುರಿ ಎಂಜಲು ಕಣಯ್ಯ ಅದು."

"ಓದು ಬರಾಕಿಲ್ಲ, ನಿಂಗೇನು ಗೊತ್ತಾಯ್ತದೆ? ಕುಡಿ."

"ಓದಿರೋನು ನೀನೇ ಕುಡ್ದು ತೋರ್ಸು."

ಪಕ್ಕದ ಮನೆಯ ಓಬಳಯ್ಯ ಕಿಸಕ್ಕೆಂದ. "ಕುಡಿಯಲೇ ಕ್ಯಾತ, ಟಗರಂಗಾಯ್ತೀಯ."

ಮೀಸೆಯ ಮರ್ಯಾದೆಗೆ ಕ್ಯಾತಪ್ಪ ಲೋಟ ಖಾಲಿ ಮಾಡಿದ. ಸಂಜೆಯೊಳಗೆ ಹೊಟ್ಟೆ ಕಿತ್ತುಕೊಂಡಿತು. ಚೊಂಬು ಹಿಡಿದು ಜಾಲಿ ಮರೆಗೆ ಓಡುವುದು, ಬಂದು ಚಾಪೆಗೆ ಬೀಳುವುದು. ಮಾತಿಗೆ ಉಸಿರೇ ಉಳಿಯಲಿಲ್ಲ. ಬೆಳಿಗ್ಗೆ ಗಂಗಾಲಕ್ಷ್ಮಿ ಅವನ ಪಕ್ಕ ಗಂಜಿ, ನೀರು ಇಟ್ಟು ಕುರಿ ಹೊಡೆದುಕೊಂಡು ಹೊರಟಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹಣೆಯ ಹಗ್ಗ ಸಡಿಲಾಗಿರುವುದು ಗೊತ್ತಾಯಿತು. ಒಂದು ಕುರಿಯೂ ಹೊಲಕ್ಕೆ ಬಾಯಿ ಹಾಕಿರಲಿಲ್ಲ.

ಕ್ಯಾತಪ್ಪ ಎದ್ದು ಕೂತ ದಿನವೇ, "ಗಂಜಿಗೆ ಉಪ್ಪು ಹಂಗಲ್ಲ ಹಾಕೋದು" ಎಂದು ಶುರುಮಾಡಿದ.

ಗಂಗಾಲಕ್ಷ್ಮಿ ರೊಪ್ಪಕ್ಕೆ ಹೋದಳು. ಇಟ್ಟಿಗೆಯಲ್ಲಿ ಅರ್ಧವನ್ನು ಕುರಿಗಳಿಗೆ ಬಿಟ್ಟು, ಉಳಿದರ್ಧ ತಂದು ನಡುಮನೆಯ ಕಂಬಕ್ಕೆ ಕಟ್ಟಿದಳು. ಕೆಳಗೆ ಮಜ್ಜಿಗೆ ಲೋಟ ಇಟ್ಟಳು.

ಅವನು ಗಂಜಿ ಕುಡಿದು, ಗೋಡೆ ಕಡೆ ತಿರುಗಿ ಮಲಗಿದ.