ಮೈಸೂರು ಅಂತ ಬರೆದ ಚೀಟಿ

ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಟೆಕ್ಸಾಸಿನ ಇರ್ವಿಂಗ್‌ನ ಮನೆಯಿಂದ ಹೊರಟೆ. ವ್ಯಾನಿನ ಹಿಂದುಗಡೆ ಎರಡು ಗಾಜಿನ ಪೆಟ್ಟಿಗೆಗಳಿದ್ದವು. ಎರಡೂ ನನ್ನ ಕೈಯಲ್ಲೇ ತಯಾರಾದವು. ಒಂದು ಖಾಲಿ, ಅದನ್ನು ದಾರಿಯಲ್ಲಿ ಲಿಯಾಂಡರ್ ಎಂಬ ಊರಿನ ಶಾರದಾ ಮೇಡಂ ಅವರಿಗೆ ಕೊಡಬೇಕಿತ್ತು. ಇನ್ನೊಂದರಲ್ಲಿ ನನ್ನ ಜೇಡ.

ಜೇಡ ಎಂದರೆ ಗೋಡೆಯ ಮೂಲೆಯಲ್ಲಿ ಬಲೆ ಕಟ್ಟುವ ಸಣ್ಣ ಹುಳುವಲ್ಲ. ಟರಾಂಟುಲಾ. ಕಾಲು ಚಾಚಿ ಕೂತರೆ ನನ್ನ ಅಂಗೈ ಪೂರ್ತಿ ಮುಚ್ಚೀತು. ಮರದ ಪೊಟರೆಯಲ್ಲಿ ಬಾಳುವ ಜಾತಿ; ಬೂದು, ಬಿಳಿ, ಕಪ್ಪು ಸೇರಿ ಬೆನ್ನ ಮೇಲೆ ರಂಗೋಲಿ ಹಾಕಿದ ಹಾಗಿದೆ. ಸಾಕುವ ಮಂದಿ ಇಂಗ್ಲಿಷಿನಲ್ಲಿ ಇದನ್ನು ‘ಮೈಸೂರ್ ಆರ್ನಮೆಂಟಲ್’ ಅನ್ನುತ್ತಾರೆ. ಆರು ವರ್ಷದ ಹಿಂದೆ ಡಾಲಸ್‌ನಲ್ಲಿ ಹಾವು, ಹಲ್ಲಿ ಮಾರುವ ಒಂದು ಮೇಳಕ್ಕೆ ಗಾಜಿನ ಕೆಲಸದ ಆರ್ಡರ್ ಹಿಡಿಯಲು ಹೋಗಿದ್ದೆ. ಒಂದು ಮೇಜಿನ ಮೇಲಿನ ಪುಟ್ಟ ಡಬ್ಬಿಯಲ್ಲಿ ‘ಮೈಸೂರ್’ ಎಂಬ ಅಕ್ಷರ ಕಂಡಿತು. ಒಳಗೆ ಏನಿದೆ ಎಂದು ನೋಡುವ ಮೊದಲೇ ಕೈ ಕಿಸೆಗೆ ಹೋಗಿತ್ತು. ಇದೇ ನಾನು ಸಾಕಿದ ಮೊದಲ ಜೇಡ. ಅದಕ್ಕೆ ಮಾಡಿದ ಗಾಜಿನ ಪೆಟ್ಟಿಗೆಗೂ ‘ಮೈಸೂರು’ ಎಂದು ಬರೆದು ಚೀಟಿ ಅಂಟಿಸಿದ್ದೆ.

ನಾನು ಹುಬ್ಬಳ್ಳಿಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ದೇವರ ಪಟಗಳಿಗೆ ಗಾಜು ಕೂರಿಸುವ ಅಂಗಡಿ ಸೇರಿದೆ. ಇವತ್ತು ಇರ್ವಿಂಗ್‌ನಲ್ಲಿ ನನ್ನದೇ ಗಾಜಿನ ಅಂಗಡಿ ಇದೆ. ನಾನು ಕೂರಿಸಿದ ಗಾಜು ಸಡಿಲಾಯಿತು ಎಂದು ಇಲ್ಲಿಯವರೆಗೆ ಒಬ್ಬರೂ ಫೋನ್ ಮಾಡಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದು ನನಗೆ ಯಾಕೆ ಅಷ್ಟು ಪೆಟ್ಟು ಕೊಟ್ಟಿತು ಎಂದು ತಿಳಿಯಲು ಇದು ಗೊತ್ತಿರಬೇಕು.

ಪ್ರಯಾಣದ ಕಾರಣ ಸರಳ. ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ನಾಗೇಶ ಎಂಬ ಬೆಂಗಳೂರಿನ ಹುಡುಗ ಇದ್ದಾನೆ. ಹುಡುಗ ಎಂದರೂ ನಲವತ್ತು ದಾಟಿದವನು, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅವನ ಹತ್ತಿರ ಇದೇ ಜಾತಿಯ ಒಂದು ಗಂಡು ಇತ್ತು. ಗಂಡು ಜೇಡ ಕೊನೆಯ ಸಲ ಪೊರೆ ಕಳಚಿದ ಮೇಲೆ ಕೆಲವೇ ತಿಂಗಳು ಬದುಕುತ್ತದೆ. ಅಷ್ಟರೊಳಗೆ ಜೋಡಿ ಮಾಡಿಸಬೇಕು. ಎರಡು ವರ್ಷದ ಹಿಂದೆ ನಾಗೇಶ ತನ್ನ ಇನ್ನೊಂದು ಗಂಡನ್ನು ಇರ್ವಿಂಗ್‌ಗೆ ತಂದಿದ್ದ. ಆಗ ಎಪ್ಪತ್ತಮೂರು ಮರಿಗಳಾದವು. ಈ ಸಲ ಅವನಿಗೆ ರಜೆ ಇಲ್ಲ, ಹಾಗಾಗಿ ಹೆಣ್ಣೇ ಹೊರಟಿತ್ತು.

“ಹೆಣ್ಣನ್ನ ಗಂಡಿನ ಮನಿಗೆ ಒಯ್ದು ತೋರಸೂದು ಯಾವ ಊರಿನ ಪದ್ಧತಿರಿ?” ಎಂದು ಬಾಗಿಲಲ್ಲಿ ನಿಂತ ಹೆಂಡತಿ ಶಾಂತಾ ಕೇಳಿದಳು. “ಮಗಳ ಮದಿವ್ಯಾಗ ಇಷ್ಟು ಓಡ್ಯಾಡಿದ್ರ ಬೀಗರು ಮೆಚ್ತಿದ್ರು.”

ಮನೆಯ ಹತ್ತಿರದ ತೆಲುಗರ ಹೋಟೆಲಿನಲ್ಲಿ ಎರಡು ಪ್ಲೇಟ್ ಮೈಸೂರು ಬಜ್ಜಿ ಕಟ್ಟಿಸಿಕೊಂಡು ಐ-35 ಹೆದ್ದಾರಿ ಹಿಡಿದೆ. ಹೊರಗೆ ತಂಪಿತ್ತು. ವೇಕೊ ದಾಟುವಷ್ಟರಲ್ಲಿ ಬಿಸಿಲು ಬಲಿತು ವ್ಯಾನಿನ ಎ.ಸಿ. ಹಾಕಬೇಕಾಯಿತು. ಜೇಡಕ್ಕೆ ಸೆಖೆ ಆಗಬಾರದು, ಗಾಳಿ ನೇರವಾಗಿ ಬಡಿಯಲೂಬಾರದು; ಪೆಟ್ಟಿಗೆಗೆ ಶಾಂತಾಳ ಹಳೆಯ ಕೌದಿ ಹೊದಿಸಿದ್ದೆ. ಟೆಂಪಲ್ ಎಂಬ ಊರಿನ ಬಳಿ ರಸ್ತೆ ರಿಪೇರಿಯಿಂದ ಇಪ್ಪತ್ತು ನಿಮಿಷ ನಿಂತೆ. ನೂರ ಎಂಬತ್ತು ಮೈಲಿಗೂ ಸ್ವಲ್ಪ ಹೆಚ್ಚು ದಾರಿ, ಲಿಯಾಂಡರ್ ಮುಟ್ಟಿದಾಗ ಹತ್ತೂಮುಕ್ಕಾಲು. ಹೋದ ಸಲ ಬಂದಾಗ ದನ ಮೇಯುತ್ತಿದ್ದ ಬಯಲಲ್ಲಿ ಈಗ ಸಾಲು ಮನೆಗಳು ಎದ್ದಿದ್ದವು. ಎರಡು ಸಲ ದಾರಿ ತಪ್ಪಿದೆ.

ಶಾರದಾ ಮೇಡಂ ಮೈಸೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. ಈಗ ಮಗಳ ಮನೆಯಲ್ಲಿದ್ದಾರೆ. ಅವರು ಜೇಡ ಸಾಕುವುದಿಲ್ಲ. ಸಾಕುವವರು ತಂದು ತೋರಿಸಿದರೆ ಯಾವ ಜಾತಿ ಎಂದು ನೋಡಿ ಹೇಳುತ್ತಾರೆ. ಅದಕ್ಕೆಂದೇ ನಾಲ್ಕು ಕಡೆ ಮತ್ತು ತಳ ಎಲ್ಲವೂ ತಿಳಿಗಾಜಿನದೇ ಆದ ಪೆಟ್ಟಿಗೆ ಬೇಕೆಂದಿದ್ದರು.

“ಬನ್ನಿ ಬಸವರಾಜು. ಗಾಡಿಯಿಂದ ಎಣ್ಣೆ ವಾಸನೆ ಬರ್ತಿದೆಯಲ್ಲ?”

“ಮೈಸೂರು ಬಜ್ಜಿರಿ ಮೇಡಂ. ನಿಮ್ಮೂರಿಂದು ಅಂತ ನಿಮಗೂ ಒಂದು ಪ್ಲೇಟ್ ತಂದೇನಿ.”

ಅವರು ನಕ್ಕರು. “ನಾನು ಹುಟ್ಟಿ ಬೆಳೆದಿದ್ದು ಒಂಟಿಕೊಪ್ಪಲಲ್ಲಿ. ಅರವತ್ತು ವರ್ಷ ಅಲ್ಲೇ ಇದ್ದೆ. ಈ ಬಜ್ಜಿ ಮುಖ ನೋಡಿದ್ದು ಟೆಕ್ಸಾಸಿಗೆ ಬಂದಮೇಲೆ. ನಮ್ಮೂರಿನ ಹೆಸರು ಹೊತ್ತಿದೆ ಅಷ್ಟೆ, ಊರಿಗೆ ಪರಿಚಯ ಇಲ್ಲ” ಎನ್ನುತ್ತಲೇ ಒಂದನ್ನು ಬಾಯಿಗೆ ಹಾಕಿಕೊಂಡರು.

ಪೆಟ್ಟಿಗೆಯನ್ನು ಅವರು ಬೆರಳಿನಿಂದ ಸವರಿ ನೋಡಿದರು. ಅಂಚು ಎಲ್ಲೂ ಕೊರೆಯಲಿಲ್ಲ. ನನಗೆ ಅಷ್ಟಕ್ಕೇ ಸುಮ್ಮನಿರಲು ಆಗಲಿಲ್ಲ. “ಖಾಲಿ ಪೆಟಗಿ ನೋಡಿದ್ರ ಏನು ತಿಳೀತದ್ರಿ? ನಮ್ಮ ಮೈಸೂರನ್ನ ಒಳಗ ಬಿಟ್ಟು ತೋರಸ್ತೀನಿ” ಎಂದೆ.

ಈ ಜಾತಿ ಕೈಯಲ್ಲಿ ಹಿಡಿಯುವಂಥದ್ದಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತದೆ, ಕಚ್ಚಿದರೆ ದಿನಗಟ್ಟಲೆ ಸ್ನಾಯು ಹಿಡಿದುಕೊಳ್ಳುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಿ, ಟಬ್ಬಿನೊಳಗೆ ಎರಡೂ ಪೆಟ್ಟಿಗೆಗಳನ್ನು ಎದುರುಬದುರು ಇಟ್ಟು, ಬಣ್ಣದ ಬ್ರಷ್ಷಿನಿಂದ ಹಿಂಗಾಲು ಮುಟ್ಟಿದೆ. ಸರಕ್ಕನೆ ಹೊಸ ಪೆಟ್ಟಿಗೆಗೆ ಹೋಗಿ ಎದುರಿನ ಗಾಜಿಗೆ ಅಂಟಿಕೊಂಡಿತು. ಮುಚ್ಚಳ ಹಾಕಿ ಹೊರಗೆ ಕಿಟಕಿಯ ಬಳಿ ತಂದಿಟ್ಟೆ.

ಅದು ಇದ್ದ ಹಳೆಯ ಪೆಟ್ಟಿಗೆಯಲ್ಲಿ ದೊಡ್ಡ ಮರದ ತೊಗಟೆ ಇದೆ. ಜೇಡ ಹಗಲೆಲ್ಲ ಅದಕ್ಕೆ ಹೊಟ್ಟೆ ಅಂಟಿಸಿ ಕೂರುತ್ತದೆ. ಹಿಂದಿನ ಗಾಜಿಗೆ ನಾನೇ ಕಪ್ಪು ಬಣ್ಣ ಹೊಡೆದಿದ್ದೆ, ಚಂದ ಕಾಣಲಿ ಎಂದು. ಆರು ವರ್ಷ ನಾನು ಬೆನ್ನು ಮಾತ್ರ ನೋಡಿದ್ದೆ. ಈಗ ಹೊಟ್ಟೆ ನಮ್ಮ ಕಡೆ ಇತ್ತು. ಅದರ ನಡುವೆ, ನಡುಪಟ್ಟಿ ಕಟ್ಟಿದ ಹಾಗೆ, ಅಗಲವಾದ ಒಂದು ಬಿಳಿಚಿದ ಅಡ್ಡಪಟ್ಟಿ.

ಮೇಡಂ ಕನ್ನಡಕ ಬದಲಿಸಿಕೊಂಡರು. ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

“ಬಸವರಾಜು, ಇದು ಮೈಸೂರು ಅಂತ ನಿಮಗೆ ಹೇಳ್ದೋರು ಯಾರು?”

“ಡಬ್ಬಿ ಮ್ಯಾಲೆ ಬರದಿತ್ರಿ.”

“ಮೈಸೂರಿಂದಕ್ಕೆ ಹೊಟ್ಟೆ ಪೂರ್ತಿ ಕಪ್ಪಗಿರುತ್ತೆ. ಈ ಪಟ್ಟಿ ಇರೋದು ಇದರ ದಾಯಾದಿಗೆ, ರೆಗಾಲಿಸ್ ಅಂತ. ಅದಕ್ಕೆ ಮೊದಲು ಹೆಸರಿಟ್ಟಿದ್ದು ಮದ್ರಾಸ್ ಕಡೆ ಸಿಕ್ಕಿದ್ದನ್ನ ನೋಡಿ. ಬೆನ್ನು ನೋಡಿದ್ರೆ ಎರಡೂ ಅಕ್ಕತಂಗೀರ ಥರ. ಎಲ್ಲರೂ ಮೋಸ ಹೋಗ್ತಾರೆ.”

ನಾನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ನಾನು ಕತ್ತರಿಸಿದ ಗಾಜು ಎಷ್ಟು ತಿಳಿಯಾಗಿತ್ತೆಂದರೆ ಆ ಪಟ್ಟಿಯ ಕೂದಲು ಕೂಡ ಎಣಿಸಬಹುದಿತ್ತು. ಹಾಗಲ್ಲ ಎನ್ನಲು ಎಲ್ಲೂ ಜಾಗವಿರಲಿಲ್ಲ.

ಮೇಡಂ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. ಸಮಾಧಾನಕ್ಕೆ ಬೇರೆ ಕತೆ ಹೇಳಿದರು. ಕೆಂಪು ಮೊಣಕಾಲಿನ ಮೆಕ್ಸಿಕೋ ಜೇಡವನ್ನು ಜಗತ್ತಿನಾದ್ಯಂತ ಸಾಕುವವರು ವರ್ಷಾನುಗಟ್ಟಲೆ ಒಂದೇ ಹೆಸರಿನಿಂದ ಕರೆದರಂತೆ. ಪರೀಕ್ಷೆ ಮಾಡಿದರೆ ಬಹುಪಾಲು ಬೇರೆ ಜಾತಿಯವು. ಇಲ್ಲೇ ಟೆಕ್ಸಾಸಿನ ರಸ್ತೆ ದಾಟುವ ಕಂದು ಜೇಡಕ್ಕೆ ಹಿಂದಿನವರು ಬೇರೆಬೇರೆ ಹೆಸರಿಟ್ಟು, ಕೊನೆಗೆ ಅವುಗಳಲ್ಲಿ ಎಷ್ಟೋ ಒಂದೇ ಎಂದು ತಿಳಿಯಿತಂತೆ. “ಓದಿದೋರೇ ತಪ್ಪು ಮಾಡಿದಾರೆ” ಎಂದರು.

ಓದಿದವರು ತಪ್ಪು ಮಾಡಿದರೆ ತಿದ್ದಿ ಇನ್ನೊಂದು ಪುಸ್ತಕ ಬರೆಯುತ್ತಾರೆ. ನಾನು ಬರೆದಿದ್ದು ಚೀಟಿ.

“ಇದಕ್ಕೆ ಮರಿ ಏನಾದ್ರೂ ಮಾಡಿಸಿದ್ರಾ?” ಎಂದು ಅವರು ಕೇಳಿದರು.

ಎಪ್ಪತ್ತಮೂರು ಎಂದೆ. ಡಾಲಸ್, ಆಸ್ಟಿನ್, ಹೂಸ್ಟನ್ನಿನ ಪರಿಚಯದವರಿಗೆಲ್ಲ ಹಂಚಿದ್ದೆ. ಪ್ರತಿ ಡಬ್ಬಿಯ ಮೇಲೂ ನನ್ನ ಕೈಬರಹದಲ್ಲಿ ‘ಮೈಸೂರು’ ಎಂಬ ಚೀಟಿ, ಕೆಳಗೆ ಬಸವರಾಜ ಎಂಬ ಸಹಿ.

“ಗಂಡು ಯಾವುದಿತ್ತು?”

“ಅದು ಶುಗರ್ ಲ್ಯಾಂಡಿಗೆ ಹೋದ ಮ್ಯಾಲೆ ತಿಳೀಬೇಕ್ರಿ.”

“ಅದೂ ಇದೇ ಆಗಿದ್ರೆ ಚೀಟಿ ಬದಲಾಯಿಸಿದ್ರೆ ಮುಗೀತು. ನಿಜವಾದ ಮೈಸೂರೇ ಆಗಿದ್ರೆ ಮರಿಗಳೆಲ್ಲ ಬೆರಕೆ. ಅವಕ್ಕೆ ಮುಂದೆ ಮರಿ ಆದ್ರೆ, ಆ ಮರಿಗಳಿಗೂ ಮರಿ ಆದ್ರೆ, ಇಲ್ಲಿ ಮೈಸೂರು ಅಂತ ಇರೋ ಯಾವ ಜೇಡವನ್ನೂ ನಂಬೋ ಹಾಗಿರಲ್ಲ. ನಮ್ಮೂರ ಕಡೆ ಇವು ಬಾಳೋ ಹಳೇ ಮರಗಳೂ ಕಮ್ಮಿ ಆಗ್ತಿವೆ.” ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತೇನೋ.

ಜೇಡವನ್ನು ಅದರ ಪೆಟ್ಟಿಗೆಗೆ ಮರಳಿ ಸೇರಿಸಿದೆವು. ಊಟಕ್ಕೆ ಬಿಸಿಬೇಳೆಬಾತ್ ಇತ್ತು, ರುಚಿ ನೆನಪಿಲ್ಲ. ಒಂದೂವರೆಗೆ ಹೊರಟು ಆಸ್ಟಿನ್ ದಾಟಿ 71ನೇ ಹೆದ್ದಾರಿ ಹಿಡಿದೆ. ನೂರ ಎಪ್ಪತ್ತು ಮೈಲಿ. ದಾರಿಯುದ್ದಕ್ಕೂ ಒಂದೇ ಆಸೆ: ನಾಗೇಶನ ಗಂಡುಗಳೂ ನನ್ನದರ ಹಾಗೆ ಸುಳ್ಳು ಮೈಸೂರಾಗಿರಲಿ. ಇನ್ನೊಬ್ಬನಿಗೆ ಹೀಗೆ ಬಯಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೊಲಂಬಸ್ ಎಂಬ ಸಣ್ಣ ಊರಿನಲ್ಲಿ ಪೆಟ್ರೋಲ್ ಹಾಕಿಸಿ ನಳದ ಕೆಳಗೆ ತಲೆ ಹಿಡಿದೆ.

ನಾಗೇಶ ಗೇಟಿನಲ್ಲೇ ಕಾಯುತ್ತಿದ್ದ. “ಅಂಕಲ್, ಮದುವೆ ದಿಬ್ಬಣ ಲೇಟಾಯ್ತು. ಗಂಡು ಬೆಳಿಗ್ಗೆಯಿಂದ ಸ್ನಾನ ಮಾಡಿ ಕೂತಿದ್ದಾನೆ.”

ಒಳಗೆ ಮೇಜಿನ ಮೇಲೆ ಗಂಡಿನ ಪೆಟ್ಟಿಗೆ ಇತ್ತು. ಅದೂ ನಾನು ಮಾಡಿಕೊಟ್ಟದ್ದೇ. ಕೌದಿ ತೆಗೆದು ನನ್ನ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟೆ. ಹೆಣ್ಣಿನ ವಾಸನೆ ಹೇಗೆ ಮುಟ್ಟಿತೋ, ಗಂಡು ಗಾಜು ಹತ್ತಿ ಮುಂಗಾಲುಗಳಿಂದ ಬಡಿಯತೊಡಗಿತು. ಟಕಟಕ, ಸ್ವಲ್ಪ ನಿಲ್ಲುವುದು, ಮತ್ತೆ ಟಕಟಕ. ಕಡಲೆಕಾಳಿನಷ್ಟು ತಲೆಯ ಪ್ರಾಣಿ ಅಷ್ಟು ಸದ್ದು ಮಾಡುತ್ತದೆಂದು ನಾನು ಎಣಿಸಿರಲಿಲ್ಲ. ಬಗ್ಗಿ ಅದರ ಹೊಟ್ಟೆ ನೋಡಿದೆ. ಮಸಿ ಬಳಿದ ಹಾಗೆ ಪೂರ್ತಿ ಕಪ್ಪು. ಪಟ್ಟಿ ಇಲ್ಲ.

“ಹಿಂದಿನ ಗಂಡಿಂದು ಹೊಟ್ಟಿ ಫೋಟೋ ಐತೇನೋ?” ಎಂದೆ. ಫೋನಿನಲ್ಲಿ ಹುಡುಕಿ ತೋರಿಸಿದ. ಅದೂ ಕಪ್ಪು.

ನಾನು ಎಲ್ಲ ಹೇಳಿದೆ. ನಾಗೇಶ ಸೋಫಾದ ಮೇಲೆ ಕುಸಿದ. ಎರಡೂ ಗಂಡುಗಳನ್ನು ಅವನು ಅಕ್ಕಿಕಾಳಿನಷ್ಟಿದ್ದಾಗಿನಿಂದ ಬೆಳೆಸಿದವನು.

“ಅಂಕಲ್, ಇವನು ಇನ್ನು ಎರಡು ತಿಂಗಳು ಇದ್ರೆ ಹೆಚ್ಚು. ಬೇರೆ ಹೆಣ್ಣು ಈ ದೇಶದಲ್ಲಿ ಎಲ್ಲಿ ಹುಡುಕ್ಲಿ? ಬಿಟ್ಬಿಡಿ ಒಳಗೆ. ಹೊಟ್ಟೆ ಪಟ್ಟಿ ಯಾರು ನೋಡ್ತಾರೆ? ಆರು ವರ್ಷ ನೀವೇ ನೋಡ್ಲಿಲ್ಲವಲ್ಲ.”

ಆ ಮಾತು ನೇರ ಎದೆಗೆ ನಾಟಿತು. ನಿಜ, ನಾನು ನೋಡಲಿಲ್ಲ. ಬೇರೆ ಏನೇ ತೆಗೆದುಕೊಂಡರೂ ತಿರುಗಿಸಿ ಮುರುಗಿಸಿ ನೋಡುವವನು, ಮೈಸೂರು ಎಂಬ ಹೆಸರು ಕಂಡ ಕೂಡಲೇ ರೇಷ್ಮೆ, ಶ್ರೀಗಂಧ, ಪಾಕ ಎಲ್ಲ ನೆನಪಾಗಿ ಕಣ್ಣು ಮುಚ್ಚಿ ನಂಬಿದ್ದೆ. ಪ್ರತಿ ಶನಿವಾರ ತೆಲುಗರ ಬಜ್ಜಿ ತಿನ್ನುವಾಗಲಾದರೂ ತಿಳಿಯಬೇಕಿತ್ತು.

“ನಾನು ನೋಡಿರಲಿಲ್ಲ ಖರೆ. ಈಗ ನೋಡೇನಿ” ಎಂದೆ. “ನೋಡಿದ ಮ್ಯಾಲೆ ನನ್ನ ಸಹಿ ಹಾಕೂದು ಹ್ಯಾಂಗೋ ತಮ್ಮಾ?”

ಅವನು ಎದ್ದು ಗಂಡಿನ ಪೆಟ್ಟಿಗೆಯನ್ನು ಬೇರೆ ಕೋಣೆಗೆ ಒಯ್ದ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, “ಚಪಾತಿ ತಿಂತೀರಾ, ಅನ್ನ ತಿಂತೀರಾ?” ಎಂದು ಕೇಳಿದ. ಊಟದುದ್ದಕ್ಕೂ ಹೂಸ್ಟನ್ನಿನ ಮಳೆನೀರಿನ ಬಗ್ಗೆ ಮಾತ್ರ ಮಾತಾಡಿದೆವು. ಪಕ್ಕದ ಕೋಣೆಯಿಂದ ಟಕಟಕ ಕೇಳುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಹೊರಡುವ ಮೊದಲು, ಮರಿ ಒಯ್ದವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಧ್ವನಿ ಸಂದೇಶ ಕಳಿಸಿದೆ. ನನ್ನ ಚೀಟಿ ಸುಳ್ಳು, ಮರಿಗಳು ಬೆರಕೆ, ಸಾಕಿರಿ ಆದರೆ ಮುಂದೆ ಮರಿ ಮಾಡಿಸಬೇಡಿ, ತಪ್ಪು ನನ್ನದು ಎಂದೆ. ನಾಗೇಶ ಎದುರಿಗೇ ನಿಂತಿದ್ದ. “ನನ್ನ ಹೆಸರು ಹೇಳ್ಲಿಲ್ವಲ್ಲ” ಎಂದ. “ನಿಂದು ಏನೂ ತಪ್ಪಿಲ್ಲ” ಎಂದೆ. ಅವನು ವ್ಯಾನಿನವರೆಗೆ ಪೆಟ್ಟಿಗೆ ಹೊತ್ತು ತಂದ.

ಐ-45ರಲ್ಲಿ ಇನ್ನೂರ ಅರವತ್ತು ಮೈಲಿ. ಹಂಟ್ಸ್‌ವಿಲ್ ಆಚೆಯ ತಂಗುದಾಣದಲ್ಲಿ ಫೋನ್ ನೋಡಿದೆ. ಕೆಲವರು ಬೈದಿದ್ದರು, ಹೆಚ್ಚಿನವರು ಸುಮ್ಮನಿದ್ದರು. ಡಾಲಸ್ ಪಕ್ಕದ ಪ್ಲೇನೋದ ಒಂಬತ್ತು ವರ್ಷದ ಹುಡುಗಿಯ ಧ್ವನಿಯೊಂದಿತ್ತು. ಅವಳು ತನ್ನ ಮರಿಗೆ ಚಾಮುಂಡಿ ಎಂದು ಹೆಸರಿಟ್ಟಿದ್ದಳು. “ಅಂಕಲ್, ಸೋ ಶೀ ಈಸ್ ನಾಟ್ ಫ್ರಮ್ ಮೈಸೂರ್? ಕ್ಯಾನ್ ಐ ಸ್ಟಿಲ್ ಕಾಲ್ ಹರ್ ಚಾಮುಂಡಿ?” ಹಿಂದೆ ಅವಳ ಅಮ್ಮ, “ಕನ್ನಡದಲ್ಲಿ ಕೇಳೇ” ಎನ್ನುತ್ತಿದ್ದರು.

ಹಾಗೇ ಕರೆ ಅವ್ವಾ, ಆ ಹೆಸರು ನೀನಿಟ್ಟಿದ್ದು, ಅದರಲ್ಲಿ ಸುಳ್ಳಿಲ್ಲ ಎಂದು ಹೇಳಿ ಕಳಿಸಿದೆ.

ಇರ್ವಿಂಗ್ ಮುಟ್ಟಿದಾಗ ಮೂರು ಗಂಟೆ. ಕೈಕಾಲು ತೊಳೆಯುವ ಮೊದಲೇ ಅಂಗಡಿಗೆ ಹೋಗಿ ಬ್ಲೇಡ್ ತಂದು, ಮನೆಯಲ್ಲಿ ನನ್ನ ಪೆಟ್ಟಿಗೆಯ ಚೀಟಿ ಕೆರೆಯಲು ಕೂತೆ. ನೀರು ಹಚ್ಚಿದೆ, ಸ್ಪಿರಿಟ್ ಹಚ್ಚಿದೆ. ಆರು ವರ್ಷದ ಹಿಂದೆ ಗಟ್ಟಿಯಾಗಿರಲಿ ಎಂದು ಗಾಜಿಗೆ ಗಾಜು ಕೂಡಿಸುವ ಅಂಟನ್ನೇ ಬಳಸಿದ್ದೆ. ‘ಮೈ’ ಹೋಯಿತು, ‘ಸೂ’ ಅರ್ಧ ಹೋಯಿತು. ಶಾಂತಾ ಚಹಾ ತಂದು ನೋಡಿ, “ಬಿಡ್ರಿ, ಗಾಜಿಗೆ ಗೀರು ಬೀಳ್ತದ” ಎಂದಳು.

ಬೀಳಲಿ ಎಂದೆ. ನಾನು ಕೂರಿಸಿದ್ದನ್ನು ನಾನೇ ಕೀಳಲು ಹೊರಟಿದ್ದು ಅದೇ ಮೊದಲು. ಕತ್ತಲಾಗುವವರೆಗೆ ಕೆರೆಯುತ್ತಲೇ ಇದ್ದೆ.