ನರಿಗೂ ಜಿಂಕೆಗೂ ಒಂದೇ ಬಂದೂಕು

ಮೊನ್ನೆ ಹೆಂಡತಿಯ ಹೊಲಿಗೆ ಯಂತ್ರ ರಿಪೇರಿಗೆ ಬಂದವನು ಸಣ್ಣ ಡಬ್ಬಿಯಿಂದ ನಾಲ್ಕು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಅಂಗೈ ಬೆವರಿತು. "ಏನಾಯ್ತು ರೀ?" ಎಂದಳು. ಏನೆಂದು ಹೇಳಲಿ... ಇಪ್ಪತ್ತು ವರ್ಷಗಳ ಹಿಂದೆ ಇದೇ ನೈರೋಬಿಯ ಪೇಟೆಯ ನಡುವೆ ಒಂದು ಬಂದೂಕಿನ ಅಂಗಡಿ ಇತ್ತು. ಅಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದ ಹಿರಿಯರ ಕೈಗಳಿಗೆ ಇದೇ ವಾಸನೆ ಇತ್ತು.

ಆಗ ನಾನು ಮೈಸೂರಿನಿಂದ ಬಂದು ಮೂರು ವರ್ಷವಾಗಿತ್ತು. ಔಷಧ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ನಮ್ಮ ಮಾಲೀಕರು ಊರಾಚೆಯ ಬಯಲಿನಲ್ಲಿ ಕುರಿ ಸಾಕಲೆಂದು ದೊಡ್ಡ ಜಮೀನು ಕೊಂಡಿದ್ದರು. ನರಿಗಳು ಮರಿಗಳನ್ನು ಹೊತ್ತೊಯ್ಯುತ್ತಿದ್ದವು, ಜಿಂಕೆಗಳು ಕುರಿಗಳ ಹುಲ್ಲನ್ನೆಲ್ಲ ಮೇಯುತ್ತಿದ್ದವು. ವರ್ಷಕ್ಕೆ ಇಷ್ಟು ಜಿಂಕೆ ಹೊಡೆಯಬಹುದೆಂಬ ಅನುಮತಿ ಜಮೀನಿನವರಿಗೆ ಆಗಿನ್ನೂ ಸಿಗುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಮಾಲೀಕರು, ನಿಮ್ಮ ಕಡೆ ಕಾಡು ಜಾಸ್ತಿಯಲ್ಲವೇ, ಬೇಟೆ ಗೊತ್ತೇ ಎಂದು ಕೇಳಿದರು. ಸ್ವಲ್ಪ ಗೊತ್ತು ಎಂದುಬಿಟ್ಟೆ. ದೀಪಾವಳಿಯ ಆಟದ ಪಿಸ್ತೂಲಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದವನು ನಾನು. ಜಂಬ ಹಾಗೆ ಹೇಳಿಸಿತು. ಭಾನುವಾರಗಳಂದು ಜಮೀನು ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಬಂದೂಕಿನ ಪರವಾನಗಿಯ ಅರ್ಜಿಯಲ್ಲಿ ಒಂದೇ ರೈಫಲ್‌ಗೆ ಜಾಗ, ಅದರ ಕ್ಯಾಲಿಬರನ್ನೂ, ಅಂದರೆ ಗುಂಡಿನ ಅಳತೆಯನ್ನೂ, ಬರೆಯಬೇಕು. ಅದನ್ನು ಹಿಡಿದು ಅಂಗಡಿಗೆ ಹೋದೆ. ಹಿರಿಯರು ಅರ್ಜಿಯಲ್ಲಿ ನನ್ನ ಹುಟ್ಟೂರು ನೋಡಿ ಕನ್ನಡಕವನ್ನು ಹಣೆಗೇರಿಸಿದರು.

"ಕನ್ನಡ ಬರ್ತದಲ್ಲ? ನಾನು ಮಂಗಳೂರಿನವ ಮಾರಾಯ್ರೆ."

"ಸರ್, ನರಿಗೂ ಜಿಂಕೆಗೂ ಆಗೋ ಥರ ಒಂದು ಬೇಕಿತ್ತು."

ಅವರು ಮೂರು ತೋಟಾಗಳನ್ನು ಕೌಂಟರಿನ ಮೇಲೆ ನಿಲ್ಲಿಸಿದರು. ಚಿಕ್ಕದು ಟೂ ಟೂ ತ್ರೀ. ನರಿಗೆ ಸಾಕು, ಆದರೆ ಜಿಂಕೆಗೆ ಒಂದಿಷ್ಟು ಆಚೀಚೆ ತಗುಲಿದರೆ ಅದು ಗಾಯ ಹೊತ್ತು ಓಡಿಹೋಗಿ ಎರಡು ದಿನ ನರಳಿ ಸಾಯುತ್ತದೆ. ದೊಡ್ಡದು ತ್ರೀ ನಾಟ್ ಎಯ್ಟ್. ಜಿಂಕೆ ನಿಂತಲ್ಲೇ ಬೀಳುತ್ತದೆ, ನರಿಗೆ ಮಾತ್ರ ಅತಿಯಾಯಿತು. ನಡುವಿನದು ಟೂ ಫೋರ್ಟಿ ತ್ರೀ. ಅದೇ ಇರಲಿ ಎಂದು ಬೇಗ ಬೇಗ ಹೇಳಿದೆ. ಒಮ್ಮೆ ಹೊರಗೆ ಹೋದರೆ ಸಾಕಾಗಿತ್ತು.

"ಇದರ ಗುಂಡು ಕೂಡ ಆಚೆ ಹೋಗದೆ ನರಿಯೊಳಗೇ ನಿಲ್ತದೆ ಅಂತ ನಾನು ಬರೆದು ಕೊಡುದಿಲ್ಲ," ಎಂದು ಅವರು ಒಳಗಿನಿಂದ ಬರೀ ದುರ್ಬೀನು ತಂದು ನನ್ನ ಕೈಗಿಟ್ಟರು. ಬಂದೂಕಿಗೆ ಕೂರಿಸುವಂಥದ್ದು. "ಆ ಕ್ಯಾಲೆಂಡರ್ ನೋಡಿ. ಅದರ ಹಿಂದೆ ಎಂತ ಉಂಟು?"

"ಗೋಡೆ."

"ಗೋಡೆಯ ಹಿಂದೆ?"

ನಾನು ದುರ್ಬೀನು ಇಳಿಸಿದೆ.

"ಹೋಗಿ ನೋಡಿ ಬನ್ನಿ."

ನಗು ಬಂತು, ಆದರೂ ಹೋದೆ. ಹಿಂದಿನ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ಆ ಗೋಡೆಗೇ ಬೆನ್ನು ತಾಗಿಸಿ ಒಬ್ಬ ಹೆಂಗಸು ಶಾಲೆಯ ಸಮವಸ್ತ್ರ ಹೊಲಿಯುತ್ತ ಕುಳಿತಿದ್ದಳು. ಯಂತ್ರಕ್ಕೆ ಆಗಷ್ಟೇ ಎಣ್ಣೆ ಬಿಟ್ಟಿದ್ದಳು. ತಲೆಯೆತ್ತಿ, ಬನ್ನಿ ಎಂಬ ಸ್ವಾಹಿಲಿ ಮಾತಿನಲ್ಲಿ, "ಕರಿಬು" ಎಂದು ಕರೆದಳು. ನನ್ನ ನಗು ಅಲ್ಲೇ ಉಡುಗಿತು. ಏನೂ ಬೇಡವೆಂದು ಕೈಯಾಡಿಸಿ ಹಿಂದಿರುಗಿದೆ.

ಹಿರಿಯರು ತೋಟಾಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದರು. ನೀವೂ ಬೇಟೆಯಾಡಿದ್ದೀರಾ ಎಂದು ನಾನೇ ಕೇಳಿದೆ.

"ಒಂದು ಕಾಲದಲ್ಲಿ. ಒಮ್ಮೆ ಹಿಂದೆ ಎಂತ ಉಂಟು ಅಂತ ನೋಡ್ಲಿಲ್ಲ. ಮತ್ತೆ ಬಂದೂಕು ಮುಟ್ಟಿದ್ದು ಮಾರ್ಲಿಕ್ಕೆ ಮಾತ್ರ."

ಅಷ್ಟೇ. ಗುಂಡು ತಗುಲಿದ್ದು ಯಾರಿಗೆ, ಅವರು ಬದುಕಿದರೇ... ಕೇಳುವ ಧೈರ್ಯ ನನಗೆ ಆಗಲಿಲ್ಲ.

ಅನುಮತಿ ಬಂತು, ಬಂದೂಕೂ ಬಂತು. ನಗರದಾಚೆ ಗುರಿಯಿಡುವುದನ್ನು ಕಲಿಸುವ ಬಯಲೊಂದಕ್ಕೆ ಹೋಗಿ ಕಲಿತೆ. ಭಯ ಮಾತ್ರ ಹೋಗಲಿಲ್ಲ. 

ಆ ಭಾನುವಾರ ಬೆಳಿಗ್ಗೆ ಎಂಟರ ಬಿಸಿಲು. ಮುಳ್ಳುಬೇಲಿಯ ಹತ್ತಿರ ನರಿ ನಿಂತಿತ್ತು, ಬಾಯಲ್ಲಿ ಕುರಿಮರಿ. ಮಾಲೀಕರು ಜೀಪಿನ ಪಕ್ಕ ನಿಂತು, ಹೊಡೀರಿ, ಹೊಡೀರಿ ಎಂದು ಪಿಸುಗುಟ್ಟುತ್ತಿದ್ದರು. ದುರ್ಬೀನಿನಲ್ಲಿ ನರಿ ಕೈಗೆ ಸಿಗುವಷ್ಟು ಹತ್ತಿರ ಕಂಡಿತು. ಅದರ ಹಿಂದೆ ಬೇಲಿ. ಬೆರಳು ಬಂದೂಕಿನ ಕುದುರೆಯ ಮೇಲಿತ್ತು, ಇನ್ನೊಂದು ಚೂರು ಎಳೆದಿದ್ದರೆ ಮುಗಿಯುತ್ತಿತ್ತು... ಬೇಲಿಯ ಹಿಂದೆ ಎಂತ ಉಂಟು? ಬಂದೂಕು ಇಳಿಸಿ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಬರಿಗಣ್ಣಿನಲ್ಲಿ ನೋಡಿದೆ. ಕಾವಲುಗಾರನ ಹೆಂಡತಿ ಬೇಲಿಯಾಚೆ ಬಗ್ಗಿ ಸೌದೆ ಆರಿಸುತ್ತಿದ್ದಳು. ಉಟ್ಟ ಬಟ್ಟೆ ಒಣಹುಲ್ಲಿನದೇ ಬಣ್ಣ.

ನರಿ ಮರಿಯೊಂದಿಗೆ ಹೋಯಿತು. ನಾನು ಅಲ್ಲೇ ಮಣ್ಣಿನಲ್ಲಿ ಕುಳಿತೆ. ಮಾಲೀಕರು ಮೊದಲು ರೇಗಿದರು, ಅವಳು ಸೌದೆಹೊರೆ ಹೊತ್ತು ಬೇಲಿ ದಾಟಿ ಬಂದಾಗ ಜೀಪಿನ ಬಾಗಿಲು ಹಿಡಿದು ನಿಂತರು. ಆಕೆಗೆ ಏನೂ ಗೊತ್ತಿರಲಿಲ್ಲ. ನಮ್ಮಿಬ್ಬರನ್ನೂ ನೋಡಿ ನಕ್ಕು ಹೋದಳು. ಮರುದಿನ ಮಾಲೀಕರ ಮುಂದೆ, ನನಗೆ ಬೇಟೆ ಗೊತ್ತೇ ಇಲ್ಲವೆಂಬ ನಿಜ ಒಪ್ಪಿಕೊಂಡು ಬಂದೂಕು ಒಪ್ಪಿಸಿಬಿಟ್ಟೆ.

ಇದನ್ನು ಅಂಗಡಿಯ ಹಿರಿಯರಿಗೆ ಹೇಳಬೇಕಿತ್ತು. ನಿಮ್ಮಿಂದ ಒಂದು ಜೀವ ಉಳಿಯಿತು ಎಂದರೆ ಅವರ ಹಳೆಯ ಭಾರ ಒಂದಿಷ್ಟಾದರೂ ಇಳಿಯುತ್ತಿತ್ತೇನೋ. ಹೋಗಲಿಲ್ಲ. ಹೇಳಹೊರಟರೆ ಬೆರಳು ಎಲ್ಲಿತ್ತು ಎಂಬುದನ್ನೂ ಹೇಳಬೇಕಲ್ಲ ಎಂಬ ಹೆದರಿಕೆ. ನಾಳೆ, ಮುಂದಿನ ವಾರ ಎನ್ನುತ್ತ ಏಳೆಂಟು ತಿಂಗಳು ಕಳೆದೆ. ಕೊನೆಗೆ ಹೋದಾಗ ಕೌಂಟರಿನಲ್ಲಿ ಬೇರೆಯವನಿದ್ದ. ಹಿರಿಯರು ತೀರಿಕೊಂಡು ತಿಂಗಳಾಯಿತು ಎಂದ. ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ.

ಹಿಂದಿನ ಓಣಿಗೆ ಹೋದೆ. ಅವಳು ಅಲ್ಲೇ ಹೊಲಿಯುತ್ತಿದ್ದಳು. ನನ್ನ ಗುರುತು ಹಿಡಿದು ನಕ್ಕಳು. ಈ ಅಂಗಡಿಗೆ ಬರುವವರೆಲ್ಲ ಒಮ್ಮೆ ಇಲ್ಲಿಗೆ ಬಂದು, ನನ್ನ ಮುಖ ನೋಡಿ, ಏನೂ ಹೊಲಿಸದೆ ಹೋಗುತ್ತಿದ್ದರು, ಯಾಕೆಂದು ಇವತ್ತಿಗೂ ಗೊತ್ತಿಲ್ಲ ಎಂದಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, ಈಗ ಒಂದು ತಿಂಗಳಿಂದ ಯಾರೂ ಬರುತ್ತಿಲ್ಲ ಎಂದಳು.

ಈಗ ಆ ಅಂಗಡಿ ಇಲ್ಲ, ಅಲ್ಲಿ ಮೊಬೈಲ್ ಫೋನ್ ಮಾರುತ್ತಾರೆ. ನಾನು ಹೇಳದೆ ಉಳಿಸಿಕೊಂಡ ಮಾತು ನನ್ನಲ್ಲೇ ಇದೆ. ಮೊನ್ನೆ ರಿಪೇರಿಯವನು ಹೋದ ಮೇಲೆ ಹೆಂಡತಿ ಯಂತ್ರದ ಮುಂದೆ ಕುಳಿತಳು, ಬೆನ್ನು ಗೋಡೆಗೆ. ಲೊರೆಶೋ ಬಡಾವಣೆಯ ನಮ್ಮ ಮನೆಯಲ್ಲಿ ಆ ಗೋಡೆಯಾಚೆ ಇರುವುದು ರಸ್ತೆ. ಸ್ವಲ್ಪ ಈಚೆ ಬಂದು ಕೂತುಕೋ ಎಂದೆ.