ಹದಿನೇಳನೆಯ ಅಂಕಿ

ಬಂಡೆಪ್ಪನಿಗೆ ಸಿಟ್ಟು ಬರುವುದು ತಡ. ಬಂದ ಸಿಟ್ಟು ಇಳಿಯುವುದು ಇನ್ನೂ ತಡ. ಇದು ಮನೆತನದ ಗುಣ. ಬೀದರ ಸೀಮೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ಕಾಳಿನ ವ್ಯಾಪಾರಿ ಅಮರೇಶಪ್ಪನಿಗೆ ಅವನು ಎರಡನೆಯ ಮಗ. ಹುಟ್ಟಿದ್ದು 3 ಜೂನ್ 1964. ಬೇಗಂ ಬಜಾರಿನ ಅಪ್ಪನ ಅಂಗಡಿಯಲ್ಲಿ ಮೂಟೆ ತೂಗುವ ಕಾಟಾ ಒಂದು, ಏಲಕ್ಕಿ ತೂಗುವ ತಕ್ಕಡಿ ಒಂದು. ಕಾಟಾದ ಮೇಲೆ ಏಲಕ್ಕಿ ಇಟ್ಟ ಮಗನಿಗೆ ಅಪ್ಪನ ಕೈಯ ಏಟು ತಪ್ಪುತ್ತಿರಲಿಲ್ಲ.

ಬಂಡೆಪ್ಪ ತಕ್ಕಡಿ ಬಿಟ್ಟು ಕಂಪ್ಯೂಟರ್ ಹಿಡಿದ. 1 ಆಗಸ್ಟ್ 2001ರಂದು ಅದೇ ಊರಿನ ಮಾದಾಪುರದ ಒಂದು ಸಣ್ಣ ಕಂಪನಿ ಸೇರಿದ. ಆಸ್ಪತ್ರೆಗಳ ಲೆಕ್ಕಪತ್ರಕ್ಕೆಂದೇ ಅಲ್ಲಿ ಹೊಸದೊಂದು ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟುತ್ತಿದ್ದರು. ಅದರ ಗರ್ಭಗುಡಿಯ ಕೆಲಸ ಬಂಡೆಪ್ಪನ ಪಾಲಿಗೆ ಬಂತು. ಹೊರಗಿನಿಂದ ಬರೆಯುವವನು ಒಂದು ಹೆಸರಿಟ್ಟು ಅದರಲ್ಲಿ ಏನನ್ನಾದರೂ ತುಂಬುತ್ತಾನೆ. ಒಳಗೆ ಅದು ಅಕ್ಷರವೋ, ಪೂರ್ಣಾಂಕವೋ, ದಶಾಂಶವೋ ಎಂದು ಯಂತ್ರಕ್ಕೆ ತಿಳಿದಿರಬೇಕು. ಅದಕ್ಕಾಗಿ ಬಂಡೆಪ್ಪ ತುಂಬಿದ ಪ್ರತಿಯೊಂದಕ್ಕೂ ಅದರ ಜಾತಿ ಹೇಳುವ ಒಂದು ಗುರುತನ್ನು ಅಂಟಿಸಿದ. ಪೂರ್ಣಾಂಕದ ಗುರುತೇ ಬೇರೆ, ದಶಾಂಶದ ಗುರುತೇ ಬೇರೆ.

12 ಸೆಪ್ಟೆಂಬರ್ 2005, ಸೋಮವಾರ, ಮುಖ್ಯಸ್ಥ ವಾಸುದೇವರಾವ್ ಪೂರ್ಣಾಂಕದ ಗುರುತನ್ನು ಹೊಡೆದುಹಾಕಿದರು. ಮಂಗಳವಾರವೆಂದು ಕೆಲವರು ಹೇಳುವುದು ತಪ್ಪು.

“ಎಲ್ಲಾ ಅಂಕಿನೂ ದಶಾಂಶನ ಇರ್ಲಿ. ಒಂದ ಅಳತಿ ಮನಿ, ಒಂದ ದಾರಿ. ಭಾಷಾ ಓಡ್ತದ ನೋಡು.”

“ಸಾಹೇಬ್ರ, ಕಾಟಾದ ಮ್ಯಾಲೆ ಏಲಕ್ಕಿ ತೂಗಿದಂಗ ಆಕ್ಕೈತ್ರಿ. ದಶಾಂಶದ ಮನಿ ಭಾಳ ದೊಡ್ಡ ಸಂಖ್ಯಾ ಹಿಡೀತೈತಿ, ಖರೆ. ಹದಿನೇಳು ಅಂಕಿ ಆದ್ರ ಕಡೀ ಅಂಕಿ ಜಾರ್ತೈತ್ರಿ. ಪಕ್ಕದ ಸಂಖ್ಯಾ ಮ್ಯಾಲೆ ಹೋಗಿ ಕುಂದರ್ತೈತಿ.”

“ನೀ ಅಂಗಡಿ ಬಿಟ್ರೂ ಅಂಗಡಿ ನಿನ್ನ ಬಿಟ್ಟಿಲ್ಲ ಬಂಡೆಪ್ಪಾ! ಹದಿನೇಳು ಅಂಕಿ ಯಾವ ಪುಣ್ಯಾತ್ಮ ಬರೀತಾನೋ?”

ಎಲ್ಲರೂ ನಕ್ಕರು. ಬಂಡೆಪ್ಪ ನಗಲಿಲ್ಲ, ಮರೆಯಲೂ ಇಲ್ಲ.

ಆ ಪುಣ್ಯಾತ್ಮರು ಬಂದೇ ಬಂದರು. ಭಾಷೆಯನ್ನು ಮೊದಲು ಕೊಂಡದ್ದು ಒಂದು ಧರ್ಮಾಸ್ಪತ್ರೆ. ಸಂಖ್ಯೆಯೊಳಗೆ ಜಗತ್ತನ್ನೇ ತುಂಬುವುದು ನಮ್ಮ ಕಚೇರಿಗಳ ಹಳೆಯ ಚಟ. ಜಿಲ್ಲೆ, ಮಂಡಲ, ವಾರ್ಡು, ದಿನಾಂಕ, ಕೊನೆಗೆ ಸಾಲಿನ ಸರದಿ, ಎಲ್ಲವನ್ನೂ ಜೋಡಿಸಿ ರೋಗಿಗೊಂದು ಸಂಖ್ಯೆ ಕೊಟ್ಟರು. ಎಣಿಸಿದರೆ ಹದಿನೇಳು ಅಂಕಿ. ಅದನ್ನು ದಾಖಲೆಗೆ ಏರಿಸಿದ ಆಸ್ಪತ್ರೆಯವರಿಗೂ ಅನುಮಾನ ಬರಲಿಲ್ಲ, ಪರೀಕ್ಷಿಸಿದ ಕಂಪನಿಯವರಿಗೂ ಬರಲಿಲ್ಲ. ಇಷ್ಟುದ್ದದ ಸಂಖ್ಯೆ ನಡೆದೀತೇ ಎಂದು ಬಂಡೆಪ್ಪನನ್ನು ಯಾರೂ ಕೇಳಲೇ ಇಲ್ಲ.

2007ರ ಫೆಬ್ರವರಿಯಲ್ಲಿ ಅವನ ತಾಯಿ ಸಾವಿತ್ರಿಬಾಯಿ ರಕ್ತಪರೀಕ್ಷೆಗೆ ಹೋದರು. ಜೊತೆಗೆ ಹೋದ ಸೊಸೆ ಸೂಗಮ್ಮ, ಬಂದದ್ದು ಹೇಗೂ ಬಂದಾಗಿದೆ ಎಂದು ತಾನೂ ಬೆರಳು ಚುಚ್ಚಿಸಿಕೊಂಡಳು. ಒಂದು ಮನೆಯವರು ಸಾಲಿನಲ್ಲಿ ಒಬ್ಬರನ್ನೊಬ್ಬರು ಬಿಟ್ಟು ನಿಲ್ಲುವುದುಂಟೇ? ಅತ್ತೆಯ ಸರದಿ ಇಪ್ಪತ್ತಮೂರು, ಸೊಸೆಯದು ಇಪ್ಪತ್ತನಾಲ್ಕು. ಅತ್ತೆಗೆ ಸಕ್ಕರೆ ಕಾಯಿಲೆ, ಸೊಸೆಗೆ ಏನೂ ಇಲ್ಲ. ಆದರೆ ಔಷಧ ಕೊಡುವವರು ಕಾಯಿಲೆ ನಿನಗೇ ಎಂದು ಸೂಗಮ್ಮನ ಕೈಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟು, “ಅಮ್ಮಾ, ರೋಜೂ ವೇಸ್ಕೋಂಡಿ” ಎಂದು ತೆಲುಗಿನಲ್ಲಿ ತಾಕೀತು ಮಾಡಿದರು. ಅವಳು ದಿನವೂ ತಪ್ಪದೆ ನುಂಗಿದಳು. 19 ಫೆಬ್ರವರಿ, ಸೋಮವಾರ, ಮಣಿಕೊಂಡದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ರಕ್ತದ ಸಕ್ಕರೆ ಇಳಿದು ಕಣ್ಣು ಕತ್ತಲಿಟ್ಟು ಕಾದ ಹಂಚಿನ ಮೇಲೆ ಕೈಯೂರಿ ಬಿದ್ದಳು.

ಬಂಡೆಪ್ಪ ಇಬ್ಬರ ವರದಿಗಳನ್ನೂ ಪಕ್ಕಪಕ್ಕದಲ್ಲಿಟ್ಟ. ಎರಡರ ಸಂಖ್ಯೆಯೂ ಇಪ್ಪತ್ತನಾಲ್ಕಕ್ಕೆ ಮುಗಿದಿತ್ತು. ತಾಯಿಯ ಇಪ್ಪತ್ತಮೂರು ಜಾರಿ ಹೆಂಡತಿಯ ಮೇಲೆ ಕುಳಿತಿತ್ತು.

ಮರುದಿನ ಬೆಳಿಗ್ಗೆ ವಾಸುದೇವರಾಯರ ಕೋಣೆಯಲ್ಲಿ ಅವನು ಕೂರಲಿಲ್ಲ. ಅದೇ ವಾರ ಭಾಷೆ ಇನ್ನೂ ಹನ್ನೊಂದು ಆಸ್ಪತ್ರೆಗಳಿಗೆ ಹೋಗಬೇಕಿತ್ತು. ಗರ್ಭಗುಡಿಯ ಕೆಲಸ ಅವನದಾದ್ದರಿಂದ ಬಂಡೆಪ್ಪನ ಒಪ್ಪಿಗೆಯಿಲ್ಲದೆ ಹೋಗುವಂತಿರಲಿಲ್ಲ.

ಎಲ್ಲವನ್ನೂ ಕೇಳಿದ ರಾಯರು, “ಭಾಳ ಕೆಟ್ಟಾತು. ಸದ್ಯಕ್ಕ ಹಿಂಗ ಮಾಡೋಣು. ಸರಿಸಂಖ್ಯಾ ಅಷ್ಟ ಕೊಡ್ರಿ, ಬೆಸಸಂಖ್ಯಾ ಬ್ಯಾಡ ಅಂತ ಆಸ್ಪತ್ರಿಗೆ ಹೇಳೋಣು. ಸರಿ ಇದ್ದದ್ದು ಜಾರೂದಿಲ್ಲಲಾ?” ಎಂದರು.

“ಬೆಸ ಮಂದಿ ಹುಟ್ಟೂದ ಬ್ಯಾಡ ಅಂತ ಹೇಳ್ರಲಾ!” ಬಂಡೆಪ್ಪನ ದನಿಗೆ ಹೊರಗಿನವರೆಲ್ಲ ತಿರುಗಿದರು. “ನಾಳೆ ನಿಮ್ಮ ತಾಯಿ ಗೋದಾಬಾಯೇರನ್ನ, ನಿಮ್ಮ ಮನಿಯವ್ರನ್ನ ಕೂಡೇ ಆ ಸಾಲಿನ್ಯಾಗ ನಿಂದ್ರಸ್ರಿ. ಇಪ್ಪತ್ಮೂರು, ಇಪ್ಪತ್ನಾಕು. ಬಂದ ಗುಳಿಗಿ ನುಂಗಸ್ರಿ. ಆಮ್ಯಾಲೆ ನಾ ಒಪ್ಗೀ ಕೊಡ್ತೀನಿ.”

ರಾಯರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಎಷ್ಟು ದಿನಾ ಬೇಕು?” ಎಂದರು.

5 ಮಾರ್ಚ್ 2007ರ ಹೊತ್ತಿಗೆ ಪೂರ್ಣಾಂಕದ ಗುರುತು ಹಿಂದಿರುಗಿ ಬಂತು. ಹದಿನೇಳು ಅಂಕಿಗಳೂ ಅಲುಗದೆ ನಿಂತವು. ಆದರೆ ಆಸ್ಪತ್ರೆಗೆ ಕಳಿಸುವ ತಿಳಿವಳಿಕೆ ಪತ್ರದಲ್ಲಿ ರಾಯರು ‘ಸುಧಾರಣೆ’ ಎಂದು ಬರೆಸಿದ್ದರು.

“ತಪ್ಪು ಅಂತ ಬರೀರಿ,” ಎಂದ ಬಂಡೆಪ್ಪ.

“ಮಾನಾ ಹೋಗ್ತದೋ!”

“ಸುಧಾರಣೆ ಅಂದ್ರ ಯಾರೂ ಹಳೇ ರೋಗಿಗಳ್ನ ತಿರುಗಿ ಕರ್ಯಂಗಿಲ್ರಿ. ತಪ್ಪಿನ ಗುಳಿಗಿ ಇನ್ನೂ ಎಷ್ಟು ಮಂದಿ ನುಂಗಾಕತ್ತಾರೋ. ತಪ್ಪು ಅನ್ರಿ, ಯಾವ ತಾರೀಖಿನಿಂದ ಅಂತನೂ ಹಾಕ್ರಿ. ಇಲ್ಲಾಂದ್ರ ನಾನ ಆಸ್ಪತ್ರಿ ಬಾಗಿಲಿಗೆ ನಿಂತು ಒದರ್ತೀನಿ.”

ಪತ್ರ ‘ತಪ್ಪು’ ಎಂದೇ ಹೋಯಿತು, ತಾರೀಖಿನ ಸಮೇತ. ಆಸ್ಪತ್ರೆ ಹಳೆಯ ರೋಗಿಗಳನ್ನೆಲ್ಲ ಮರುಪರೀಕ್ಷೆಗೆ ಕರೆಯಿತು. ಬಂಡೆಪ್ಪ ರಜೆ ಹಾಕಿ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋದ. ಸಾಲು ಗೇಟಿನಾಚೆಗೂ ಬೆಳೆದಿತ್ತು. ಅಲ್ಲಿ ಗಂಡ–ಹೆಂಡತಿ, ತಾಯಿ–ಮಗಳು, ಅಣ್ಣ–ತಮ್ಮ ಒತ್ತೊತ್ತಾಗಿ ನಿಂತಿದ್ದರು. ಅವರಲ್ಲಿ ಯಾರ ಗುಳಿಗೆಯನ್ನು ಯಾರು ನುಂಗಿದ್ದರೋ.

ಸೂಗಮ್ಮ ಬಟ್ಟೆ ಸುತ್ತಿದ ಕೈಯೆತ್ತಿ, “ಅತ್ತಿ, ನೀವು ಮುಂದ ಹೋಗ್ರಿ. ನಾ ಈ ಸರ್ತಿ ಕಡೀಕ ನಿಂದರ್ತೀನಿ,” ಎಂದು ನಕ್ಕಳು.

“ಬಾಜೂನ ನಿಂದ್ರು,” ಎಂದ ಬಂಡೆಪ್ಪ ನಗದೆ. “ಬಾಜೂನ ನಿಂದ್ರಾಕಂತನ ಇಷ್ಟೆಲ್ಲಾ ಮಾಡೀನಿ.”